ಮಂತ್ರಿ ಮುಟ್ಟಿಸದೆ ಚೆಸ್ ಕಲಿಸಿದ್ದು: ನನ್ನ ಅನುಭವ

ಹನ್ನೆರಡು ಹದಿಮೂರು ವರ್ಷಕ್ಕೆ ಚೆಸ್ ಶುರು ಮಾಡುವ ಮಕ್ಕಳ ಹಿಂದೆ ಸಮಯ ಕಳೆಯಬೇಡಿ ಅಂತ ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಆರು ವರ್ಷಕ್ಕೆ ಶುರು ಮಾಡದಿದ್ದರೆ ಮುಗಿಯಿತು ಅನ್ನುವ ಮಾತು ಈಗ ಎಲ್ಲ ಕಡೆ ಇದೆ. ತೀರ್ಥಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಆರು ವರ್ಷದ ಮಗುವನ್ನು ದಿನಾ ಪೇಟೆಗೆ ಕರೆತಂದು ಚೆಸ್ ಕಲಿಸುವವರು ಯಾರು? ಮಕ್ಕಳು ಹೈಸ್ಕೂಲಿಗೆ ಅಂತ ಪೇಟೆಗೆ ಬಂದ ಮೇಲೆ, ಸಂಜೆ ಬಸ್ಸು ಕಾಯುವ ಹೊತ್ತಿನಲ್ಲಿ ನನ್ನ ಕೈಗೆ ಸಿಗುತ್ತಾರೆ. ಅಂಥ ಮಕ್ಕಳಲ್ಲಿ ಐದಾರು ಜನಕ್ಕೆ ಈಗ ಫಿಡೆ (ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ) ರೇಟಿಂಗ್, ಅಂದರೆ ಆಟದ ಬಲ ಅಳೆಯುವ ಅಂಕ, ಬಂದಿದೆ. ಒಬ್ಬ 1700 ದಾಟಿದ್ದಾನೆ. ಇದು ಹೇಗಾಯಿತು ಅಂತ ಬೇರೆ ಊರಿನ ಕೋಚ್‌ಗಳು ಫೋನ್ ಮಾಡಿ ಕೇಳುತ್ತಿದ್ದಾರೆ. ಎಲ್ಲರಿಗೂ ಬಿಡಿ ಬಿಡಿಯಾಗಿ ಹೇಳುವ ಬದಲು ಬರೆದೇ ಬಿಡುತ್ತೇನೆ.

ನಾನು ಮಾಡಿದ್ದು ಇಷ್ಟು. ಒಬ್ಬನೇ ಒಬ್ಬ ಗ್ರ್ಯಾಂಡ್‌ಮಾಸ್ಟರನನ್ನು ಹಿಡಿದುಕೊಂಡೆ. ಅವನ ಆಟದ ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬಂದೆ. ಮೊದಲ ಐದಾರು ತಿಂಗಳು ಬೋರ್ಡಿನ ಮೇಲೆ ಮಂತ್ರಿಯನ್ನು ಇಡಲೇ ಇಲ್ಲ.

ಆ ಗ್ರ್ಯಾಂಡ್‌ಮಾಸ್ಟರ್ ಅಕಿಬಾ ರೂಬಿನ್‌ಸ್ಟೈನ್. ಹುಟ್ಟಿದ್ದು 1880ರ ಸುಮಾರಿಗೆ, ಪೋಲೆಂಡಿನ ಸ್ಟಾವಿಸ್ಕಿ ಅನ್ನುವ ಸಣ್ಣ ಊರಿನಲ್ಲಿ. ಆಗ ಅದು ರಷ್ಯಾದ ಆಳ್ವಿಕೆಯಲ್ಲಿತ್ತು. ಯಹೂದಿ ಧರ್ಮದ ಪಾಠಶಾಲೆಯಲ್ಲಿ ಓದುತ್ತಿದ್ದ ಹುಡುಗ. ಚೆಸ್ ಕಲಿತದ್ದು ಹದಿನಾಲ್ಕು ಹದಿನಾರರ ನಡುವಿನ ವಯಸ್ಸಿನಲ್ಲಿ. ಇದೇ ನನಗೆ ಬೇಕಾಗಿದ್ದದ್ದು. ಆನಂದ್ 1988ರಲ್ಲಿ ನಮ್ಮ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು, ಅವರ ಆಟ ಹೇಳಿಕೊಡಿ ಅಂತ ಪೋಷಕರು ಕೇಳುತ್ತಿದ್ದರು. ಆನಂದ್ ಮೇಲಿನ ಪ್ರೀತಿ ನನಗೂ ಇದೆ. ಆದರೆ ಅವರ ವೇಗ ಚಿಕ್ಕಂದಿನಿಂದ ಬಂದದ್ದು, ಅದನ್ನು ಹೇಳಿಕೊಡಲು ನನ್ನಿಂದ ಆಗುವುದಿಲ್ಲ. ರೂಬಿನ್‌ಸ್ಟೈನ್ ಆಟ ಹಾಗಲ್ಲ. ಯಾಕೆ ಈ ನಡೆ, ಮುಂದೆ ಎಲ್ಲಿಗೆ ಹೋಗುತ್ತಿದ್ದಾನೆ ಅನ್ನುವುದು ಕೂತು ನೋಡಿದರೆ ಕಾಣುತ್ತದೆ. ತಡವಾಗಿ ಕಲಿತವರಿಗೆ ತಡವಾಗಿ ಕಲಿತವನೇ ಸರಿ ಅಂತ ನನಗೆ ಅನ್ನಿಸಿತು.

ಇದಕ್ಕೂ ಮೊದಲು ಏನೇನು ಕೆಟ್ಟಿತು ಅನ್ನುವುದನ್ನು ಹೇಳಲೇಬೇಕು, ಯಾಕೆಂದರೆ ದುಡ್ಡು ಹೋಗಿದ್ದೇ ಅಲ್ಲಿ. ಮೊದಲು ಪೋಷಕರೆಲ್ಲ ಸೇರಿ ಒಂದು ಆನ್‌ಲೈನ್ ಕೋರ್ಸಿಗೆ ಹಾಕಿದೆವು. ನಲವತ್ತು ಸಾವಿರದ ಹತ್ತಿರ ಆಗಿರಬೇಕು. ದೊಡ್ಡ ಊರಿನ ಕೋಚ್ ಒಬ್ಬರು ಸಿಸಿಲಿಯನ್ ನಾಯ್ಡಾರ್ಫ್ ಅನ್ನುವ ಓಪನಿಂಗ್ (ಆಟ ಶುರು ಮಾಡುವ ನಡೆಗಳ ಕ್ರಮ) ಹದಿನೈದು ನಡೆವರೆಗೆ ಬಾಯಿಪಾಠ ಮಾಡಿಸಿದರು. ಜೂನ್ ಬಂತು, ಮಳೆ ಹಿಡಿಯಿತು, ಕರೆಂಟು ಹೋಯಿತು, ನೆಟ್‌ವರ್ಕ್ ಹೋಯಿತು. ಅರ್ಧ ಕ್ಲಾಸು ಹಾಗೇ ಕಳೆದುಹೋಯಿತು, ದುಡ್ಡು ವಾಪಸ್ ಬರಲಿಲ್ಲ. ಕಲಿತಷ್ಟು ಕಟ್ಟಿಕೊಂಡು ದಾವಣಗೆರೆಯ ಟೂರ್ನಿಗೆ ಹೋದೆವು. ಎದುರಿನವರು ಐದನೇ ನಡೆಗೇ ಪುಸ್ತಕ ಬಿಟ್ಟು ಬೇರೆ ದಾರಿ ಹಿಡಿದರು. ನಮ್ಮ ಮಕ್ಕಳಿಗೆ ಅಲ್ಲಿಂದ ಮುಂದೆ ಏನು ಮಾಡಬೇಕು ಅಂತ ಗೊತ್ತಿಲ್ಲ. ನಾಲ್ಕು ಮಕ್ಕಳಿಂದ ಸೇರಿ ಬಂದದ್ದು ಆರೇಳು ಪಾಯಿಂಟು. ಬಸ್ಸು, ಲಾಡ್ಜು, ಊಟ, ಎಂಟ್ರಿ ಫೀಸು ಎಲ್ಲ ಸೇರಿ ಹದಿನೈದು ಸಾವಿರ ದಾಟಿತ್ತು.

ಆ ಟೂರ್ನಿಯ ಸ್ಕೋರ್‌ಶೀಟುಗಳನ್ನು ಮನೆಗೆ ತಂದು ಒಂದೊಂದೇ ನೋಡಿದೆ. ಓಪನಿಂಗಿನಲ್ಲಿ ಸೋತ ಆಟಗಳಿದ್ದವು, ಸರಿ. ಆದರೆ ಸಮಸಮ ಬಂದು, ಮಂತ್ರಿ ಹೊಡೆದು ಹೋಗಿ, ಆನೆ ಮತ್ತು ನಾಲ್ಕಾರು ಕಾಲಾಳು ಉಳಿದ ಮೇಲೆ ಸೋತ ಆಟಗಳೂ ಅಷ್ಟೇ ಇದ್ದವು. ಎದುರಿನ ಮಕ್ಕಳೂ ಅಲ್ಲಿ ಚೆನ್ನಾಗೇನೂ ಆಡಿರಲಿಲ್ಲ. ಪಟ್ಟಣದ ಮಕ್ಕಳಿಗೆ ಓಪನಿಂಗ್ ಗೊತ್ತು, ಟ್ಯಾಕ್ಟಿಕ್ಸ್ (ಕಾಯಿ ಹೊಡೆಯುವ ತಂತ್ರಗಳು) ಗೊತ್ತು, ಮೂವತ್ತೈದನೇ ನಡೆ ಆದ ಮೇಲೆ ಅವರಿಗೂ ಕತ್ತಲೆ. ಹಾಗಾದರೆ ನಮ್ಮ ಮಕ್ಕಳನ್ನು ಅಲ್ಲಿಗೇ ತಯಾರು ಮಾಡೋಣ ಅಂದುಕೊಂಡೆ.

ಮೊದಲ ತಿಂಗಳು ಬರೀ ರಾಜ ಮತ್ತು ಕಾಲಾಳು. ಅಪೊಸಿಷನ್ (ಎರಡು ರಾಜರು ಎದುರುಬದುರು ನಿಲ್ಲುವುದು), ಚೌಕದ ಲೆಕ್ಕ (ಓಡುವ ಕಾಲಾಳನ್ನು ರಾಜ ಹಿಡಿಯಬಹುದೇ ಅನ್ನುವುದು) ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬರೆಯುವುದಿಲ್ಲ. ಅದಾದ ಮೇಲೆ ಇಡುವ ಮೊದಲ ಆಟ 1909ರ ಸೇಂಟ್ ಪೀಟರ್ಸ್‌ಬರ್ಗ್ ಟೂರ್ನಿಯ ಕೋನ್ ವಿರುದ್ಧದ ಆಟ. ರೂಬಿನ್‌ಸ್ಟೈನ್‌ನದು ಕಪ್ಪು ಕಾಯಿ. ಆನೆಗಳು ಹೊಡೆದು ಹೋಗಿ ಬರೀ ರಾಜ, ಕಾಲಾಳು ಉಳಿಯುತ್ತವೆ. ನೋಡಿದರೆ ಡ್ರಾ ಅಂತ ಕೈಕುಲುಕಬೇಕು ಅನ್ನಿಸುತ್ತದೆ. ಆದರೆ ಬಿಳಿಯ ರಾಜನ ಕಡೆಯ ಕಾಲಾಳುಗಳು ಚದುರಿವೆ. ಕಪ್ಪು ರಾಜ ಆ ದಾರಿಯಲ್ಲಿ ನಡೆದುಕೊಂಡು ಎಚ್3ವರೆಗೆ (ಎಚ್ ಸಾಲಿನ ಮೂರನೇ ಮನೆ) ಹೋಗಿ ಕೂರುತ್ತಾನೆ. ಎಚ್2ರ ಕಾಲಾಳನ್ನು ಕಾಯುತ್ತಾ ಬಿಳಿ ರಾಜ ಮೂಲೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ಆಮೇಲೆ ಕಪ್ಪು ತನ್ನ ಕಾಲಾಳುಗಳನ್ನು ನಿಧಾನಕ್ಕೆ ಮುಂದೆ ತರುತ್ತದೆ.

ಈ ಆಟವನ್ನು ನಾನು ತೋರಿಸುವುದಿಲ್ಲ. ಆನೆಗಳು ಹೋದ ಸ್ಥಿತಿ ಇಟ್ಟು, ನೀನು ಕಪ್ಪು, ಗೆಲ್ಲು ಅನ್ನುತ್ತೇನೆ. ಬಿಳಿ ನಾನು ಆಡುತ್ತೇನೆ. ಮಕ್ಕಳು ಒಂದು ವಾರ, ಕೆಲವರು ಎರಡು ವಾರ ಡ್ರಾ ಮಾಡಿಕೊಳ್ಳುತ್ತಾರೆ, ಇಲ್ಲವೇ ಸೋಲುತ್ತಾರೆ. ಒಂದು ದಿನ ಯಾರಾದರೊಬ್ಬರು ರಾಜನನ್ನು ಎಚ್3ಕ್ಕೆ ನಡೆಸುತ್ತಾರೆ. ಆವತ್ತೇ ರೂಬಿನ್‌ಸ್ಟೈನ್ ಆಡಿದ್ದನ್ನು ಬಿಚ್ಚಿ ತೋರಿಸುವುದು. ನೂರು ವರ್ಷದ ಹಿಂದಿನ ಗ್ರ್ಯಾಂಡ್‌ಮಾಸ್ಟರ್ ಆಡಿದ್ದೂ ತಾನು ಆಡಿದ್ದೂ ಒಂದೇ ಅಂತ ಗೊತ್ತಾದಾಗ ಆ ಮಗುವಿನ ಮುಖ ನೋಡಬೇಕು ನೀವು. ಕೊಟ್ಟ ದುಡ್ಡಿಗೆ ಇದಕ್ಕಿಂತ ಒಳ್ಳೆ ಪಾಠ ಎಲ್ಲೂ ಸಿಗುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಆಮೇಲೆ ಆನೆ. ಫಿಲಿಡೋರ್, ಲುಸೆನಾ ಅನ್ನುವ ಆನೆ ಆಟದ ಮೂಲ ಸ್ಥಿತಿಗಳನ್ನು ಮುಗಿಸಿ ಅದೇ ಟೂರ್ನಿಯ ಸ್ಪೀಲ್‌ಮನ್ ವಿರುದ್ಧದ ಆಟ. ಅಲ್ಲಿ ಬಿಳಿಯ ಎ ಮತ್ತು ಡಿ ಸಾಲಿನ ಕಾಲಾಳುಗಳು ಒಂಟಿ ಬಿದ್ದಿವೆ. ಅವನ್ನು ಕಾಯುವುದರಲ್ಲೇ ಬಿಳಿ ಆನೆಗೆ ಉಸಿರು ಕಟ್ಟುತ್ತದೆ. ಕಪ್ಪು ಆನೆ ಓಡಾಡುತ್ತದೆ, ಬಿಳಿ ಆನೆ ಕೂತೇ ಇರುತ್ತದೆ. ಈ ಒಂದು ಆಟಕ್ಕೆ ನಾನು ಸುಮಾರು ಒಂದೂವರೆ ತಿಂಗಳು ಕೊಡುತ್ತೇನೆ. ಜಾಸ್ತಿ ಆಯಿತು ಅನ್ನುವವರು ಇದ್ದಾರೆ. ಆ ಆಟದಲ್ಲಿ ಅವಸರವೇ ಇಲ್ಲ, ಅದನ್ನು ಮಕ್ಕಳ ಕೈಗೆ ಹತ್ತಿಸುವುದಕ್ಕೆ ಅಷ್ಟು ಬೇಕೇ ಬೇಕು. ಆಮೇಲೆ ಲಾಸ್ಕರ್ ವಿರುದ್ಧ ಗೆದ್ದ ಆಟ. ಆಗ ಲಾಸ್ಕರ್ ವಿಶ್ವ ಚಾಂಪಿಯನ್. ಆ ಟೂರ್ನಿಯಲ್ಲಿ ಇಬ್ಬರೂ 14.5 ಪಾಯಿಂಟು ತೆಗೆದು ಮೊದಲ ಸ್ಥಾನ ಹಂಚಿಕೊಂಡರು. ಅವರಿಬ್ಬರ ನಡುವಿನ ಆಟ ಮಾತ್ರ ರೂಬಿನ್‌ಸ್ಟೈನ್ ಗೆದ್ದಿದ್ದ, ಅದೂ ಆನೆ ಎಂಡ್‌ಗೇಮಿನಲ್ಲಿ, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತದಲ್ಲಿ.

ಆನೆ ಎಂಡ್‌ಗೇಮಿಗೆ ಗಡಿಯಾರ ಇಟ್ಟು ಮಾಡಿಸುವ ಒಂದು ಡ್ರಿಲ್ ನನ್ನದೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮಕ್ಕಳು ಇನ್ನೂ ನಿಮ್ಮ ಮಕ್ಕಳ ಎದುರೇ ಕೂತು ಆಡಬೇಕಲ್ವಾ.

ಮೂರು ತಿಂಗಳು ಕಳೆಯುವ ಹೊತ್ತಿಗೆ ಪೋಷಕರು ಗಲಾಟೆ ಶುರು ಮಾಡಿದರು. ಮೇಗರವಳ್ಳಿ ಕಡೆಯ ಒಬ್ಬರು ಅಡಿಕೆ ಮಂಡಿಯ ಎದುರೇ ನಿಲ್ಲಿಸಿ ಕೇಳಿದರು. "ಎಂತ ಮೇಷ್ಟ್ರೇ, ಮಂತ್ರಿನೇ ಇಲ್ದೆ ಎಂತ ಚೆಸ್ ಮಾರಾಯ್ರೇ? ನಮ್ಮ ಹುಡ್ಗ ನೆಂಟರ ಮನೇಲಿ ಆಡಕ್ಕೆ ಕೂತ್ರೆ ಹತ್ತು ನಡೆಗೆ ಸೋತು ಬರ್ತಾನೆ." ಅವರು ಹೇಳಿದ್ದು ನಿಜವೇ. ಆ ಹೊತ್ತಿಗೆ ಹುಡುಗನಿಗೆ ಓಪನಿಂಗ್ ಏನೂ ಗೊತ್ತಿರಲಿಲ್ಲ. ಇಬ್ಬರು ಮಕ್ಕಳನ್ನು ಬಿಡಿಸಿ ಬೇರೆ ಕಡೆ ಹಾಕಿದರು. ಶಿವಮೊಗ್ಗದ ಪರಿಚಯದ ಕೋಚ್ ಒಬ್ಬರು ಫೋನ್ ಮಾಡಿ, ಮಕ್ಕಳ ಆಸಕ್ತಿ ಸತ್ತು ಹೋಗುತ್ತದೆ, ಬೇಡ ಅಂದರು. ನನ್ನ ಫೀಸು ಆಗ ತಿಂಗಳಿಗೆ ಐನೂರು. ಅದೂ ಅಡಿಕೆ ಮಾರಿದ ಮೇಲೆ ಒಟ್ಟಿಗೆ ಕೊಡುವವರೇ ಜಾಸ್ತಿ. ಹಾಗಾಗಿ ಇಬ್ಬರು ಹೋದರೂ ಕೈಗೆ ಬರುವುದರಲ್ಲಿ ದೊಡ್ಡ ವ್ಯತ್ಯಾಸ ಆಗಲಿಲ್ಲ, ಆದರೆ ಆ ಇಬ್ಬರಲ್ಲಿ ಒಬ್ಬಳು ತುಂಬಾ ಒಳ್ಳೆ ತಲೆಯ ಹುಡುಗಿ. ಅವಳು ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಮಕ್ಕಳ ಆಸಕ್ತಿ ಉಳಿಸಿದ್ದು ಭಾನುವಾರದ ಆಟ. ಭಾನುವಾರ ಮಾತ್ರ ಎಲ್ಲ ಕಾಯಿಯೂ ಇರುವ ಆಟ ತೋರಿಸುತ್ತಿದ್ದೆ. 1907ರಲ್ಲಿ ಲೋಡ್ಜ್ ಊರಿನಲ್ಲಿ ರಾಟ್ಲೆವಿ ವಿರುದ್ಧ ಆಡಿದ ಆಟ ನಿಮಗೆಲ್ಲ ಗೊತ್ತು. ಆನೆಯಿಂದ ಸಿ3ರ ಕುದುರೆ ಹೊಡೆಯುತ್ತಾನೆ, ಎದುರಿನವನು ಜಿ ಕಾಲಾಳಿನಿಂದ ಮಂತ್ರಿ ಹೊಡೆಯುತ್ತಾನೆ, ಇನ್ನೊಂದು ಆನೆ ಡಿ2ಕ್ಕೆ ಬರುತ್ತದೆ, ಕೊನೆಗೆ ಎಚ್3ಕ್ಕೆ ಆನೆ ಬಂದರೆ ಆಟ ಮುಗಿಯಿತು. ಎಂಡ್‌ಗೇಮಿನ ಮನುಷ್ಯ ಇಂಥದ್ದನ್ನೂ ಆಡಬಲ್ಲ ಅಂತ ಗೊತ್ತಾದ ಮೇಲೆ ಮಕ್ಕಳಿಗೆ ಅವನ ಮೇಲೆ ನಂಬಿಕೆ ಬಂತು. ಆ ದಿನ ಬಸ್ಸು ತಪ್ಪಿಸಿಕೊಂಡವರೂ ಇದ್ದಾರೆ.

ಮಧ್ಯೆ ಒಂದು ಬ್ಯಾಚಿಗೆ ತಾಲ್ ಆಟ ಹಿಡಿದು ನೋಡಿದೆ. ರಿಗಾದ ಮಿಖೈಲ್ ತಾಲ್, 1960ರಲ್ಲಿ ಬಾಟ್ವಿನ್ನಿಕ್‌ನನ್ನು ಸೋಲಿಸಿ ಚಾಂಪಿಯನ್ ಆದವನು. ಮಕ್ಕಳಿಗೆ ಸಿಕ್ಕಾಪಟ್ಟೆ ಖುಷಿ. ಎಲ್ಲರೂ ಕುದುರೆ ಬಲಿ ಕೊಡುವವರೇ! ಟೂರ್ನಿಯಲ್ಲಿ ಬಲಿ ಕೊಟ್ಟದ್ದು ವಾಪಸ್ ಬರಲಿಲ್ಲ. ನಾಲ್ಕು ತಿಂಗಳಿಗೆ ಅದನ್ನು ನಿಲ್ಲಿಸಿದೆ. ರೇಟಿಂಗ್ 1800 ದಾಟಿದ ಮೇಲೆ ಮತ್ತೆ ತೆಗೆಯಬಹುದು ಅನ್ನುವ ಯೋಚನೆ ಇದೆ.

ಇನ್ನೊಂದು ಪ್ರಯೋಗ ತಾನಾಗಿಯೇ ಆದದ್ದು. ಕೊಯ್ಲಿನ ಸಮಯದಲ್ಲಿ ಮಕ್ಕಳು ಕ್ಲಾಸಿಗೆ ಬರುವುದು ಕಮ್ಮಿ, ರಾತ್ರಿ ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ. ನಮ್ಮ ಮನೆಯಲ್ಲೂ ಅದೇ. ಪಕ್ಕದ ಮನೆಯ ಇಬ್ಬರು ಮಕ್ಕಳು ನಮ್ಮಲ್ಲಿಗೆ ಸುಲಿಯಲು ಬರುತ್ತಿದ್ದರು. ಮೆಟ್ಟುಗತ್ತಿ ಮುಂದೆ ಕೂತು ಕೈ ಕೆಲಸ ಮಾಡುತ್ತಿರುವಾಗ ಬಾಯಲ್ಲೇ ಎಂಡ್‌ಗೇಮ್ ಆಡಿಸಿದೆ. ಬೋರ್ಡ್ ಇಲ್ಲ, ರಾಜ ಇ5, ಕಾಲಾಳು ಎಫ್4 ಅಂತ ಹೇಳಿಕೊಂಡು ಹೋಗುವುದು. ರಾಜ, ಕಾಲಾಳು ಮಾತ್ರ ಇದ್ದರೆ ಒಂದು ತಿಂಗಳಲ್ಲಿ ಸಲೀಸಾಗಿ ಆಡಿದರು. ಒಂದೊಂದು ಆನೆ ಸೇರಿಸಿದರೂ ನಡೆಯಿತು. ಕುದುರೆ ಸೇರಿಸಿದ ಕೂಡಲೇ ಎಲ್ಲ ಕಲಸಿಹೋಯಿತು, ಸುಲಿಯುವ ವೇಗವೂ ಬಿತ್ತು, ಮನೆಯವರು ಬೈದರು. ಕುದುರೆ ಬಿಟ್ಟೆವು. ಆ ಇಬ್ಬರೂ ಇವತ್ತು ನನ್ನ ಬ್ಯಾಚಿನಲ್ಲಿ ಲೆಕ್ಕ ಹಾಕುವುದರಲ್ಲಿ ಎಲ್ಲರಿಗಿಂತ ಗಟ್ಟಿ. ಕಣ್ಣು ಕತ್ತಿಯ ಮೇಲೇ ಇರಬೇಕು, ಅದಕ್ಕೆ ಹತ್ತು ವರ್ಷದೊಳಗಿನ ಮಕ್ಕಳಿಗೆ ಇದನ್ನು ಮಾಡಿಸಬೇಡಿ.

ಎಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊಬೈಲಿನಲ್ಲಿ ಎಂಜಿನ್ ಕೊಟ್ಟಾಗ ಮಕ್ಕಳು ಯೋಚನೆ ಮಾಡುವುದನ್ನೇ ಬಿಟ್ಟರು. ಪ್ಲಸ್ ಎಷ್ಟು, ಮೈನಸ್ ಎಷ್ಟು ಅಂತ ನೋಡುವುದಷ್ಟೇ. ಹಾಗಾಗಿ ಈಗ ಟೇಬಲ್‌ಬೇಸ್ ಮಾತ್ರ. ಏಳು ಕಾಯಿವರೆಗಿನ ಸ್ಥಿತಿಗಳಿಗೆ ಪೂರ್ತಿ ಉತ್ತರ ಅಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ನೋಟ್‌ಬುಕ್ಕಿನಲ್ಲಿ ಗೆಲುವು, ಡ್ರಾ, ಸೋಲು ಅಂತ ಬರೆದು ಸಹಿ ಹಾಕಬೇಕು. ಆಮೇಲೆ ನನ್ನ ಫೋನಿನಲ್ಲಿ ನೋಡುವುದು.

ಮಳೆಗಾಲದ್ದು ಬೇರೆಯೇ ಕಥೆ. ರೋಲ್ ಮಾಡುವ ಬೋರ್ಡುಗಳಿಗೆ ಜುಲೈಯಲ್ಲಿ ಬೂಸ್ಟು ಬರುತ್ತದೆ, ಮರದ ಕಾಯಿಗಳ ಕೆಳಗಿನ ಬಟ್ಟೆ ಅಂಟು ಬಿಟ್ಟು ಉದುರುತ್ತದೆ. ಒಂದು ಒಳ್ಳೆ ಮರದ ಸೆಟ್ಟು, ಮೂರು ಸಾವಿರದ ಆಸುಪಾಸಿನದು, ಎರಡೇ ಮಳೆಗಾಲಕ್ಕೆ ಹಾಳಾಯಿತು. ಈಗ ಪ್ಲಾಸ್ಟಿಕ್ ಕಾಯಿ ಮಾತ್ರ. ಬೋರ್ಡುಗಳನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಬೂಸ್ಟು ಬರುವುದಿಲ್ಲ. ಡಿಜಿಟಲ್ ಗಡಿಯಾರಗಳನ್ನು ಅಕ್ಕಿ ಡಬ್ಬದಲ್ಲಿ ಇಟ್ಟರೆ ಸಾಕು.

ಓಪನಿಂಗ್ ಕಲಿಸಿದ್ದು ಆರನೇ ತಿಂಗಳ ಮೇಲೆ. ಅದಕ್ಕೂ ಬೇರೆ ಕಡೆ ಹೋಗಲಿಲ್ಲ. ನಿಮ್ಜೊ ಇಂಡಿಯನ್ ಅನ್ನುವ ಓಪನಿಂಗ್ ಎದುರಾದರೆ ನಾಲ್ಕನೇ ನಡೆಗೆ ಇ3, ಅದರ ಹೆಸರೇ ರೂಬಿನ್‌ಸ್ಟೈನ್ ಪದ್ಧತಿ. ಫ್ರೆಂಚ್ ಓಪನಿಂಗ್ ಆಡುವವರಿಗೆ ಮೂರನೇ ನಡೆಗೆ ಡಿ ಕಾಲಾಳಿನಿಂದ ಇ4 ಹೊಡೆಯುವುದು. ನಾಲ್ಕು ಕುದುರೆ ಆಟದಲ್ಲಿ ಬಿಳಿ ಒಂಟೆಯನ್ನು ಬಿ5ಕ್ಕೆ ತಂದರೆ ಕಪ್ಪು ಕುದುರೆ ಡಿ4ಕ್ಕೆ. ಮೂರೂ ಅವನ ಹೆಸರಿನವೇ. ಇವೆಲ್ಲ ಸೇರಿ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹಿಡಿಯುತ್ತವೆ. ಬಾಯಿಪಾಠದ ಗೋಜು ಇಲ್ಲ, ಯಾಕೆಂದರೆ ಯಾವ ಎಂಡ್‌ಗೇಮಿನ ಕಡೆ ಹೋಗಬೇಕು ಅಂತ ಮಕ್ಕಳಿಗೆ ಮೊದಲೇ ಗೊತ್ತು.

ಅವನ ಜೀವನವನ್ನೂ ಹೇಳುತ್ತೇನೆ, ಆಟದಷ್ಟೇ ಗಂಭೀರವಾಗಿ. 1911ರಲ್ಲಿ ಸಾನ್ ಸೆಬಾಸ್ಟಿಯನ್‌ನಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆದ ಕಾಪಬ್ಲಾಂಕನನ್ನು ಸೋಲಿಸಿದ್ದು. 1912 ಒಂದೇ ವರ್ಷದಲ್ಲಿ ಐದು ದೊಡ್ಡ ಟೂರ್ನಿಗಳಲ್ಲಿ ಮೊದಲ ಸ್ಥಾನ, ಬ್ರೆಸ್ಲಾವಿನಲ್ಲಿ ಮಾತ್ರ ಇನ್ನೊಬ್ಬನ ಜೊತೆ ಹಂಚಿಕೊಂಡದ್ದು. ಲಾಸ್ಕರ್ ಜೊತೆ ವಿಶ್ವ ಚಾಂಪಿಯನ್ ಪಂದ್ಯಕ್ಕೆ ಮಾತುಕತೆ ನಡೆದಿತ್ತು. 1914ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಫೈನಲ್ ಸುತ್ತಿಗೇ ಬರಲಿಲ್ಲ. ಅದೇ ವರ್ಷ ಯುದ್ಧ ಶುರುವಾಯಿತು, ಪಂದ್ಯ ನಡೆಯಲೇ ಇಲ್ಲ. ಕೊನೆಗೆ ಮನಸ್ಸಿನ ಕಾಯಿಲೆ ಜಾಸ್ತಿಯಾಗಿ 1932ರ ಹೊತ್ತಿಗೆ ಆಟ ಬಿಟ್ಟ. ಆದರೆ ಅದಕ್ಕೆ ಎರಡೇ ವರ್ಷ ಮೊದಲು, 1930ರ ಹ್ಯಾಂಬರ್ಗ್ ಒಲಿಂಪಿಯಾಡಿನಲ್ಲಿ ಪೋಲೆಂಡಿನ ಮೊದಲ ಬೋರ್ಡಿನಲ್ಲಿ 17 ಆಟಕ್ಕೆ 15 ಪಾಯಿಂಟು, ಒಂದೂ ಸೋಲಿಲ್ಲ, ಪೋಲೆಂಡಿಗೆ ಚಿನ್ನ. ಆಗ ಅವನಿಗೆ ಐವತ್ತರ ಹತ್ತಿರ. 1950ರಲ್ಲಿ ಫಿಡೆ ಮೊದಲ ಸಲ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಾಗ 27 ಜನರ ಪಟ್ಟಿಯಲ್ಲಿ ಅವನೂ ಇದ್ದ. 1961ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡ.

ಇದನ್ನು ಮಕ್ಕಳಿಗೆ ಪೂರ್ತಿ ಹೇಳಬೇಕು ಅನ್ನುವುದು ನನ್ನ ಹಟ. ಟೂರ್ನಿ ಹಿಂದಿನ ರಾತ್ರಿ ನಿದ್ದೆ ಬಾರದೆ ವಾಂತಿ ಮಾಡಿಕೊಳ್ಳುವ ಹುಡುಗನೊಬ್ಬ ನಮ್ಮಲ್ಲಿದ್ದ. ಅಷ್ಟು ದೊಡ್ಡ ಆಟಗಾರನಿಗೂ ಹೆದರಿಕೆ ಕಾಡುತ್ತಿತ್ತು ಅಂತ ಕೇಳಿದ ಮೇಲೆ ತನಗೆ ಏನಾಗುತ್ತಿದೆ ಅಂತ ಬಾಯಿಬಿಟ್ಟು ಹೇಳಿದ. ಅವನ ಅಮ್ಮನನ್ನು ಕರೆಸಿ ಮಾತಾಡಿದೆವು, ಡಾಕ್ಟರ್ ಹತ್ತಿರ ಹೋದರು. ಈಗ ಆಡುತ್ತಿದ್ದಾನೆ.

ಫಲ ಕಂಡದ್ದು ಎರಡನೇ ವರ್ಷ. ಮಂಗಳೂರಿನ ಒಂದು ರೇಟಿಂಗ್ ಟೂರ್ನಿ, ತೊಂಬತ್ತು ನಿಮಿಷ ಮತ್ತು ನಡೆಗೆ ಮೂವತ್ತು ಸೆಕೆಂಡು. ಹದಿಮೂರಕ್ಕೆ ಶುರು ಮಾಡಿದ ನಮ್ಮ ಹುಡುಗನ ಎದುರು 1900ರ ಆಸುಪಾಸಿನ ಆಟಗಾರ. ಮೂವತ್ತನೇ ನಡೆ ಹೊತ್ತಿಗೆ ಮಂತ್ರಿ ಹೋಗಿ ಆನೆ, ಕಾಲಾಳು ಸಮಸಮ. ಎದುರಿನವರು ಡ್ರಾ ಕೇಳಿದರು. ರೇಟಿಂಗ್ ಇಲ್ಲದ ಹುಡುಗ ಬೇಡ ಅಂದ! ನನಗೆ ಹೊರಗೆ ಎದೆ ಡವಡವ. ಮುಂದೆ ನಲವತ್ತು ನಡೆ ಆಡಿದ. ಆನೆ ಹೊಡೆಸಿ, ರಾಜನನ್ನು ನಡೆಸಿಕೊಂಡು ಎಚ್ ಸಾಲಿಗೆ ಹೋದ. ಕೊನೆಗೆ ಎದುರಿನವರ ಗಡಿಯಾರದಲ್ಲಿ ಒಂದು ನಿಮಿಷವೂ ಇರಲಿಲ್ಲ, ಇವನ ಹತ್ತಿರ ಅರ್ಧ ಗಂಟೆ ಇತ್ತು. ಹೊರಗೆ ಬಂದವನೇ "ಸರ್, ಕೋನ್ ಆಟ" ಅಂದ. ಆ ಟೂರ್ನಿಯಲ್ಲಿ ನಮ್ಮ ಐವರೂ ಅರ್ಧಕ್ಕಿಂತ ಜಾಸ್ತಿ ಪಾಯಿಂಟು ತಂದರು. ಬಿಡಿಸಿಕೊಂಡು ಹೋಗಿದ್ದವರಲ್ಲಿ ಒಬ್ಬರು ಮುಂದಿನ ಜೂನ್‌ನಲ್ಲಿ ಮಗನನ್ನು ಮತ್ತೆ ತಂದು ಬಿಟ್ಟರು.

2024ರಲ್ಲಿ ಫಿಡೆ ರೇಟಿಂಗ್ ಕೆಳಮಿತಿಯನ್ನು 1400 ಮಾಡಿದ ಮೇಲೆ ಮೊದಲ ರೇಟಿಂಗ್ ತೆಗೆಯುವುದು ಸ್ವಲ್ಪ ಕಷ್ಟ ಆಗಿದೆ, ಲೆಕ್ಕ ಹಾಕಿ ಟೂರ್ನಿ ಆರಿಸಬೇಕು. ಎಂಟ್ರಿ ಫೀಸೇ ಈಗ ಒಂದೂವರೆ ಎರಡು ಸಾವಿರ. ಹಾಗಾಗಿ ನಾವು ಬೆಂಗಳೂರಿಗೆ ಹೋಗುವುದು ಅಪರೂಪ. ಉಡುಪಿ, ಮಂಗಳೂರು, ಶಿವಮೊಗ್ಗ, ದಾವಣಗೆರೆ ಅಷ್ಟೇ. ಆಗುಂಬೆ ಘಾಟಿ ಇಳಿದರೆ ಉಡುಪಿ ಹತ್ತಿರವೇ. ಲಾಡ್ಜಿನ ಬದಲು ಗೊತ್ತಿರುವವರ ಕಲ್ಯಾಣ ಮಂಟಪದಲ್ಲಿ ಮಲಗುತ್ತೇವೆ, ಮೊದಲ ದಿನಕ್ಕೆ ಮನೆಯಿಂದಲೇ ಮೊಸರನ್ನ, ಮಿಡಿ ಉಪ್ಪಿನಕಾಯಿ. ಐದು ಜನಕ್ಕೆ ಹತ್ತು ಹನ್ನೆರಡು ಸಾವಿರದಲ್ಲಿ ಮುಗಿಯುತ್ತದೆ.

ನಮ್ಮ ಮಗ ಗ್ರ್ಯಾಂಡ್‌ಮಾಸ್ಟರ್ ಆಗುತ್ತಾನಾ ಅಂತ ಪೋಷಕರು ಈಗ ಕೇಳುತ್ತಾರೆ. ನಮ್ಮ ಜಿಲ್ಲೆಯ ಜಿ.ಎ. ಸ್ಟ್ಯಾನಿ ಆಗಿದ್ದಾರೆ, ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲಿಗರಾದರು, ಹಾಗಾಗಿ ಕೇಳುವುದು ಸಹಜ. ಮೂರು ನಾರ್ಮ್ (ಟೂರ್ನಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಟ್ಟದ ಸಾಧನೆ), 2500 ರೇಟಿಂಗ್, ಅದಕ್ಕೆ ಆಗುವ ಖರ್ಚು, ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ನನ್ನ ಕೈಯಲ್ಲಿ ಆಗುವುದು 2000ವರೆಗೆ, ಅಲ್ಲಿಂದ ಮುಂದೆ ಬೇರೆ ಕೋಚ್ ಬೇಕು ಅಂತಲೂ ಹೇಳುತ್ತೇನೆ. ಹೊಸ ಬ್ಯಾಚಿಗೆ ಹನ್ನೊಂದು ಹನ್ನೆರಡು ಮಕ್ಕಳ ಹೆಸರು ಬಂದಿದೆ. ಈ ಸಲ ಕೋನ್ ಆಟಕ್ಕೂ ಮೊದಲು ಮೂರು ವಾರ ಬರೀ ಕಾಲಾಳುಗಳ ಓಟ ಆಡಿಸಿ ನೋಡುವವನಿದ್ದೇನೆ, ರಾಜನೂ ಇಲ್ಲದೆ. ಯಾರಾದರೂ ಹಾಗೆ ಮಾಡಿಸಿದ್ದರೆ ಎಷ್ಟು ದಿನ ಹಿಡಿಯಿತು ಅಂತ ತಿಳಿಸಿ.